ಉಡುಗೆಯ ಔಚಿತ್ಯ

ನಮ್ಮ ಕಿರಿಯ ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತನ್ನ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಒಂದು ಲೇಖನವನ್ನು ಬರೆದು, ಕಾಗುಣಿತವನ್ನೂ ವ್ಯಾಕರಣವನ್ನೂ ತಿದ್ದಿಕೊಡಬೇಕೆಂದು ಒಂದು ಸಂಜೆ ಅದನ್ನು ನಮ್ಮ ಮುಂದೆ ತಂದಿಟ್ಟಳು. ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ಕೈಗೆ ನಿವೃತ್ತಿಯಾದ ಮೇಲೆ ಇಂತಹ ಕೆಲಸ ಸಿಕ್ಕರೆ ಸಂತೋಷವೇ. ಕೆಂಪು ಮಸಿಯ ಲೇಖನಿಯನ್ನು ಹುಡುಕಿ ತೆಗೆದು, ಕನ್ನಡಕವನ್ನು ಒರಸಿಕೊಂಡು ಓದಲು ಕುಳಿತೆವು. ಲೇಖನಕ್ಕೆ 'ನನ್ನ ಉಡುಗೆ, ನನ್ನ ಮಾತು' ಎಂದು ಹೆಸರಿಟ್ಟಿದ್ದಳು. ವ್ಯಾಕರಣದ ತಪ್ಪುಗಳು ನಾಲ್ಕೈದಕ್ಕಿಂತ ಹೆಚ್ಚಿರಲಿಲ್ಲ. ಆದರೆ ಅವುಗಳನ್ನು ತಿದ್ದಿ ಮುಗಿಸಿದ ಮೇಲೆಯೂ ಕೈ ಸುಮ್ಮನಿರಲಿಲ್ಲ. ಅಭಿಪ್ರಾಯವನ್ನೂ ತಿದ್ದಬೇಕೆಂಬ ಚಪಲ ಹುಟ್ಟಿತು. ಆ ಚಪಲದಿಂದ ನಮ್ಮ ಮನೆಯಲ್ಲಿ ನಡೆದ ಒಂದು ವಾದವನ್ನೂ, ಆ ವಾದದಿಂದ ನೆನಪಿಗೆ ಬಂದ ನಮ್ಮದೊಂದು ಹಳೆಯ ತಪ್ಪನ್ನೂ ಓದುಗರ ಮುಂದಿಡುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಲೇಖನದ ಸಾರವನ್ನು ಹೇಳಿಬಿಡುತ್ತೇವೆ. ಮನುಷ್ಯನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವನ ಉಡುಗೆ ಮಾತನಾಡಿಬಿಡುತ್ತದೆ. ಆದುದರಿಂದ ಆ ಮಾತನ್ನು ಆರಿಸಿಕೊಳ್ಳುವ ಹಕ್ಕು ಅವರವರಿಗೇ ಇರಬೇಕು ಎಂಬುದು ಆಕೆಯ ಮೊದಲನೆಯ ಮಾತು. ಎಲ್ಲರೂ ತೊಡುವುದನ್ನು ತಾನೂ ತೊಡುವುದು ಫ್ಯಾಷನ್. ಹತ್ತು ಬಗೆಯನ್ನು ತೊಟ್ಟುನೋಡಿ ತನಗೊಪ್ಪುವ ಒಂದೆರಡನ್ನು ಉಳಿಸಿಕೊಳ್ಳುವುದು ಶೈಲಿ ಎಂಬುದು ಎರಡನೆಯದು. ಅಗಲ ಕಾಲಿನ ಷರಾಯಿ, ಮೈಗಿಂತ ಎರಡಳತೆ ದೊಡ್ಡದಾದ ಅಂಗಿ, ಸೀರೆಯೊಡನೆ ಕುಪ್ಪಸದ ಬದಲು ಗಂಡಸರ ಷರ್ಟು, ಅದೇ ಸೀರೆಯ ಕೆಳಗೆ ಆಟದ ಬೂಟು, ಕಿವಿಯಲ್ಲಿ ಕಪ್ಪಿಟ್ಟ ಬೆಳ್ಳಿಯ ದೊಡ್ಡ ಝುಮಕಿ, ಇವೇ ಇಂದಿನ ಕಾಲೇಜು ಹುಡುಗಿಯರ ಅಲಂಕಾರಗಳೆಂದೂ, ಹಿರಿಯರು ಇವನ್ನು ಕಂಡು ನಗುತ್ತಾರೆಂದೂ, ಆದರೆ ಆ ಹಿರಿಯರ ಮದುವೆಯ ಪಟಗಳನ್ನು ತೆಗೆದು ನೋಡಿದರೆ ನಗುವ ಸರದಿ ಕಿರಿಯರದಾಗುವುದೆಂದೂ ಬರೆದಿದ್ದಳು. ಹಾಗೆಂದು ತನ್ನ ಓರಗೆಯವರನ್ನೂ ಸುಮ್ಮನೆ ಬಿಟ್ಟಿರಲಿಲ್ಲ. ಮೊಬೈಲಿನ ಪರದೆಯ ಮೇಲೆ ವಾರಕ್ಕೊಂದು ಹೊಸ ಮೋಡಿ ಬಂದುಹೋಗುವುದರಿಂದ, ಕೊಂಡ ಬಟ್ಟೆ ಸವೆಯುವುದಕ್ಕೆ ಎಷ್ಟೋ ಮೊದಲೇ ಮನಸ್ಸಿಗೆ ಸವೆದುಹೋಗಿರುತ್ತದೆ. ತನ್ನದೇ ಶೈಲಿಯನ್ನು ಹುಡುಕುತ್ತ ಹೊರಟ ಹತ್ತು ಮಂದಿ ಗೆಳತಿಯರು ಒಂದೇ ಅಂಗಡಿಯ ಒಂದೇ ಅಂಗಿಯೊಳಗೆ ಬಂದು ಸೇರುತ್ತೇವೆ ಎಂದು ನಗುತ್ತಲೇ ಒಪ್ಪಿಕೊಂಡಿದ್ದಳು.

ನಾವು ಅಂಚಿನಲ್ಲಿ, "ಎಲ್ಲವೂ ಸರಿ, ನಮ್ಮ ಸಂಪ್ರದಾಯದ ಉಡುಗೆಯ ಗತಿಯೇನು?" ಎಂದು ಕೆಂಪು ಮಸಿಯಿಂದ ಬರೆದೆವು. ಆಕೆ ಅದನ್ನು ಓದಿ ಏನೂ ಹೇಳದೆ ಒಳಗೆ ಹೋಗಿ, ನಡುಮನೆಯ ಗೋಡೆಯಿಂದ ನಮ್ಮ ತೀರ್ಥರೂಪರ ಪಟವನ್ನು ಇಳಿಸಿಕೊಂಡು ಬಂದಳು. ಕಚ್ಚೆ ಹಾಕಿ ಉಟ್ಟ ಧೋತರ, ಅದರ ಮೇಲೆ ಮುಚ್ಚುಕೊರಳಿನ ಕರಿಯ ಕೋಟು, ತಲೆಗೆ ರುಮಾಲು, ಕಾಲಿಗೆ ಬೂಟು. ನಮ್ಮ ಮನೆಯಲ್ಲಿ ದೇವರ ಪಟಗಳ ಅನಂತರ ಗೌರವ ಪಡೆಯುವ ಪಟ ಅದು.

"ಅಪ್ಪಾ, ಧೋತರ ನಮ್ಮದು, ರುಮಾಲು ನಮ್ಮದು. ಕೋಟು, ಬೂಟು ಯಾರವು? ಅಜ್ಜ ಧೋತರದ ಮೇಲೆ ಕೋಟು ಹಾಕಿಕೊಂಡರೆ ಸಂಪ್ರದಾಯ, ನಾನು ಸೀರೆಯ ಕೆಳಗೆ ಬೂಟು ಹಾಕಿಕೊಂಡರೆ ವಿಕಾರ ಅಂತೀರಲ್ಲ, ಅದು ಯಾವ ನ್ಯಾಯ?" ಎಂದು ಕೇಳಿದಳು.

ಉತ್ತರ ಸುಲಭವಾಗಿರಲಿಲ್ಲ. ನಮ್ಮ ಪೂರ್ವಿಕರ ಉಡುಗೆಯೆಂದರೆ ಮುಖ್ಯವಾಗಿ ಅಂತರೀಯ ಮತ್ತು ಉತ್ತರೀಯಗಳೆಂಬ ಎರಡು ವಸ್ತ್ರಗಳೆಂದು ನಾವೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಆ ಲೆಕ್ಕದಲ್ಲಿ ನಮ್ಮ ತಂದೆಯವರ ಕೋಟು ನೆನ್ನೆಯದು. ಹೆಂಗಸರು ಈಗ ಸೀರೆಯುಡುವ ರೀತಿಯನ್ನೇ ನೋಡಿರಿ. ಒಳಲಂಗ, ಕುಪ್ಪಸಗಳೊಡನೆ, ಮುಂದೆ ನೆರಿಗೆ ಹಿಡಿದು ಎಡಹೆಗಲ ಮೇಲೆ ಸೆರಗು ಹೊದೆಯುವ ಬಗೆ ಅನಾದಿಯಿಂದ ಬಂದುದೆಂದು ಅನೇಕರು ತಿಳಿದಿದ್ದಾರೆ. ಬಂಗಾಲದ ಸುಶಿಕ್ಷಿತ ಕುಟುಂಬಗಳಲ್ಲಿ ಅದನ್ನು ಬಳಕೆಗೆ ತಂದವರು ಕವಿ ರವೀಂದ್ರನಾಥರ ಅತ್ತಿಗೆಯವರಾದ ಜ್ಞಾನದಾನಂದಿನೀ ದೇವಿಯವರು. ಅವರ ಪತಿ ಸತ್ಯೇಂದ್ರನಾಥ ಠಾಕೂರರು ಸಿವಿಲ್ ಸರ್ವಿಸಿಗೆ ಸೇರಿದ ಮೊದಲನೆಯ ಭಾರತೀಯರು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಗಳಾಗಿದ್ದರು, ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಮುಂಬಯಿಯಲ್ಲಿ ಪಾರಸಿ ಸ್ತ್ರೀಯರು ಉಡುತ್ತಿದ್ದ ಕ್ರಮವನ್ನು ನೋಡಿ, ಅದನ್ನು ಸ್ವಲ್ಪ ಮಾರ್ಪಡಿಸಿ ಆ ಮಹಿಳೆ ತಮ್ಮದನ್ನಾಗಿ ಮಾಡಿಕೊಂಡರು. ಆ ಕಾಲದ ಹಿರಿಯರು ಅವರನ್ನು ಕಂಡು ಹುಬ್ಬು ಗಂಟಿಕ್ಕಿರದೆ ಇರಲಾರರು. ಇಂದು ಅದೇ ಕ್ರಮವನ್ನು ಬಿಟ್ಟರೆಂದು ನಾವು ಹುಬ್ಬು ಗಂಟಿಕ್ಕುತ್ತೇವೆ! ಹೊಸದೆಂಬ ಒಂದೇ ಕಾರಣಕ್ಕೆ ಉಡುಗೆಯನ್ನು ಹಳಿಯುವವನ ಕಾಲ ಕೆಳಗೆ ನೆಲ ಗಟ್ಟಿಯಾಗಿಲ್ಲವೆಂಬುದನ್ನು ಒಪ್ಪಿಕೊಂಡು, ಅಂಚಿನಲ್ಲಿ ಬರೆದುದನ್ನು ನಾವೇ ಹೊಡೆದುಹಾಕಿದೆವು.

ವಾದ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮರುವಾರವೇ ಆಕೆಯ ಕಾಲೇಜಿನವರು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕಾಗಿ ಒಂದು ಹಳ್ಳಿಗೆ ಹೊರಟರು. ಏಳು ದಿನ ಅಲ್ಲಿಯೇ ಇದ್ದು, ಕೆರೆಯ ಹೂಳೆತ್ತುವುದು, ಶಾಲೆಗೆ ಸುಣ್ಣ ಬಳಿಯುವುದು, ಸಂಜೆ ಮಕ್ಕಳಿಗೆ ಪಾಠ ಹೇಳುವುದು ಮುಂತಾದ ಕಾರ್ಯಕ್ರಮಗಳಿದ್ದುವು. ಆಕೆ ಪೆಟ್ಟಿಗೆಯಲ್ಲಿ ಬಟ್ಟೆ ಜೋಡಿಸುತ್ತಿದ್ದಾಗ ಒಂದು ಜೀನ್ಸ್ ಷರಾಯಿ ನಮ್ಮ ಕಣ್ಣಿಗೆ ಬಿತ್ತು. ಎರಡು ಮೊಣಕಾಲುಗಳ ಮೇಲೂ ಅಂಗೈಯಗಲ ಹರಿದಿತ್ತು, ಎಳೆಗಳು ಜೋಲುತ್ತಿದ್ದುವು. ಬಿದ್ದು ಹರಿದಿರಬೇಕೆಂದು ಮೊದಲು ತಿಳಿದೆವು. ವಿಚಾರಿಸಲಾಗಿ, ಅಂಗಡಿಯಲ್ಲಿಯೇ ಹರಿದು ಮಾರುತ್ತಾರೆಂದೂ, ಹರಿಯದ ಷರಾಯಿಗಿಂತ ಹರಿದುದಕ್ಕೆ ಬೆಲೆ ಹೆಚ್ಚೆಂದೂ ತಿಳಿಯಿತು.

"ಇದನ್ನು ಹಳ್ಳಿಗೆ ಒಯ್ಯಬೇಡ" ಎಂದೆವು.

"ಯಾಕಪ್ಪಾ? ಹೂಳು ತೆಗೆಯಲಿಕ್ಕೆ ಇದೇ ಅನುಕೂಲ. ಜೀನ್ಸ್ ಹುಟ್ಟಿದ್ದೇ ಕೂಲಿಯವರಿಗಾಗಿ" ಎಂದಳು. ಆ ಮಾತೂ ನಿಜವೇ. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ಜವಳಿ ವರ್ತಕನೂ ಸೇರಿ, ದುಡಿಯುವವರ ಷರಾಯಿಯ ಜೇಬುಗಳು ಹರಿಯದಂತೆ ಮೂಲೆಗಳಿಗೆ ತಾಮ್ರದ ಮೊಳೆ ಬಡಿಯುವ ಉಪಾಯಕ್ಕೆ 1873ರಲ್ಲಿ ಪೇಟೆಂಟ್ ಪಡೆದರು. ಹರಿಯಬಾರದೆಂದು ಹುಟ್ಟಿದ ಬಟ್ಟೆಯನ್ನು ಇಂದು ಹರಿದು ಮಾರುತ್ತಾರೆಂಬುದು ಕಾಲದ ವಿನೋದ. ಅದನ್ನು ನಾವು ಹೇಳಿದಾಗ ಆಕೆಯೂ ನಕ್ಕಳು. ಆದರೆ ಷರಾಯಿಯನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ.

"ಗಾಂಧೀಜಿಯವರು ಮೊಣಕಾಲು ಕಾಣುವಂತೆ ಉಡಲಿಲ್ಲವೇ? ಅವರನ್ನು ಯಾರೂ ಬೇಡ ಅನ್ನಲಿಲ್ಲ" ಎಂದು ಕೊನೆಯ ಬಾಣವನ್ನು ಬಿಟ್ಟಳು.

ಆಗ ನಾವು ಮೂವತ್ತು ವರ್ಷಗಳಿಂದ ಯಾರಿಗೂ, ಮನೆಯವರಿಗೂ ಹೇಳದಿದ್ದ ಒಂದು ಸಂಗತಿಯನ್ನು ಆಕೆಗೆ ಹೇಳಿದೆವು.

1994ನೆಯ ಇಸವಿಯ ಮಾತು. ನಾವಾಗ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದೆವು. ವಯಸ್ಸು ಮೂವತ್ತರೊಳಗೆ, ನಾಲಗೆ ಹರಿತವಾಗಿತ್ತು, ಹುಡುಗರು ನಮ್ಮ ಮಾತಿಗೆ ನಗುತ್ತಾರೆಂಬ ಹೆಮ್ಮೆಯೂ ಇತ್ತು. ಶ್ರಾವಣದ ಒಂದು ಸೋಮವಾರ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಸಮವಸ್ತ್ರದ ಬಿಳಿಯ ಅಂಗಿಯ ಬದಲು ಗಿಳಿಹಸುರು ಬಣ್ಣದ, ದೊಡ್ಡ ದೊಡ್ಡ ಹೂಗಳ, ಮಿಂಚುವ ಅಂಗಿಯೊಂದನ್ನು ತೊಟ್ಟು ಬಂದಿದ್ದನು. ತೋಳುಗಳು ಬೆರಳಿನ ತುದಿಯವರೆಗೆ ಇಳಿಬಿದ್ದಿದ್ದುವು. ಪಟ್ಟಣದ ಷೋಕಿ ಹಳ್ಳಿಗೂ ಬಂತೆಂದು ನಮಗೆ ಸಿಟ್ಟು ಬಂತು. ಅವನನ್ನು ಎಬ್ಬಿಸಿ ನಿಲ್ಲಿಸಿ, "ಇವತ್ತು ಯಾವ ಊರಿನಲ್ಲಪ್ಪಾ ಬಯಲಾಟ? ನಿನ್ನ ಪಾತ್ರ ಯಾವುದು?" ಎಂದು ಕೇಳಿದೆವು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗನು ತಲೆ ತಗ್ಗಿಸಿ ಏನೋ ಹೇಳಿದನು. ಆ ನಗುವಿನಲ್ಲಿ ನಮಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಇಚ್ಛೆಯೂ ನಮಗಿರಲಿಲ್ಲ. ಕೂಡಿಸಿ, ಪಾಠವನ್ನು ಮುಂದುವರಿಸಿದೆವು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುರುವಾರ ಅವನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗನನ್ನು ಕರೆದು, ಅಂದು ಅವನು ಏನು ಹೇಳಿದನೆಂದು ಕೇಳಿದೆವು. "ಇದೊಂದೇ ಐತ್ರಿ ಅಂದಾರಿ ಸರ್" ಎಂದು ಹೇಳಿ ಹುಡುಗನು ನಮ್ಮ ಮುಖವನ್ನೇ ನೋಡುತ್ತ ನಿಂತನು.

ಆ ಸಂಜೆ ಅವರ ಮನೆಗೆ ಹೋದೆವು. ತಾಯಿ ಶೇಂಗಾ ಹೊಲದಲ್ಲಿ ಕಳೆ ತೆಗೆದು ಆಗತಾನೇ ಬಂದಿದ್ದಳು. ಒಳಗಿನಿಂದ ತಂಬಿಗೆಯಲ್ಲಿ ನೀರನ್ನೂ ಒಂದು ಚೂರು ಬೆಲ್ಲವನ್ನೂ ತಂದಿಟ್ಟು, ದೂರದಲ್ಲಿ ನಿಂತು ಹೇಳಿದಳು: "ಮಾಸ್ತರ್ರ, ಸಾಲಿ ಅಂಗಿ ಬೆನ್ನ ಮ್ಯಾಲೆ ಹರಿದಿತ್ರಿ. ಹರಕ ಹಾಕ್ಕೊಂಡು ನಿಮ್ಮ ಮುಂದ ಕುಂಡ್ರೂದು ಛಲೋ ಅಲ್ಲಂತ ನಾನ ಇದನ್ನ ತೊಡಿಸಿ ಕಳಿಸಿದ್ನಿರಿ. ಅವರ ಅಣ್ಣ ಗೋವಾದಾಗ ಗೌಂಡಿ ಕೆಲಸಕ್ಕ ಇದ್ದಾನ್ರಿ, ಅವ ಕೊಟ್ಟ ಅಂಗಿ." ಅಣ್ಣ ಊರಿಗೆ ಬಂದಿದ್ದನಂತೆ. ತಮ್ಮನೂ ಹಿಂದಿನ ದಿನ ಅವನೊಡನೆ ಗೋವಾದ ಬಸ್ಸು ಹತ್ತಿ ಹೋಗಿದ್ದನು. ಆಕೆಯ ಬಾಯಿಂದ ಒಂದಾದರೂ ಬಿರುಸು ಮಾತು ಬರಲಿಲ್ಲ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆವು, ನುಂಗುವುದು ಕಷ್ಟವಾಯಿತು. ಎರಡು ಸಲ ಹೇಳಿಕಳಿಸಿದೆವು. ಹುಡುಗನು ಮತ್ತೆ ಶಾಲೆಗೆ ಬರಲಿಲ್ಲ. ಮುಂದಿನ ವರ್ಷ ನಮಗೆ ಬೇರೆ ಊರಿಗೆ ವರ್ಗವಾಯಿತು.

ವಿದ್ಯಾರ್ಥಿದೆಸೆಯಲ್ಲಿ ನಾವು ಕ್ಷೇಮೇಂದ್ರನ 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನು ಓದಿದ್ದೆವು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆ ಪಂಡಿತನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸುತ್ತ, ಉಡುಗೆತೊಡುಗೆಯ ದೃಷ್ಟಾಂತವನ್ನೇ ಕೊಡುತ್ತಾನೆ. ನಡುಪಟ್ಟಿಯನ್ನು ಕೊರಳಿಗೂ, ಹಾರವನ್ನು ಸೊಂಟಕ್ಕೂ, ಕಾಲ್ಗೆಜ್ಜೆಯನ್ನು ಕೈಗೂ ತೊಟ್ಟವನನ್ನು ಕಂಡು ಯಾರು ನಗುವುದಿಲ್ಲ ಎಂಬುದು ಅದರ ಅಭಿಪ್ರಾಯ. ಆ ಸೋಮವಾರ ನಮ್ಮ ಮನಸ್ಸಿನಲ್ಲಿದ್ದುದು ಈ ಅರ್ಧವೇ. ಆದರೆ ಆ ಶ್ಲೋಕ ಅಲ್ಲಿಗೇ ನಿಲ್ಲುವುದಿಲ್ಲ. ತಲೆಬಾಗಿದವನ ಮೇಲೆ ಶೌರ್ಯವನ್ನು ತೋರಿಸುವವನೂ ಅದೇ ನಗೆಗೀಡಾದವರ ಸಾಲಿಗೆ ಸೇರಿದವನೆಂದು ಕ್ಷೇಮೇಂದ್ರನು ಮುಂದೆ ಹೇಳುತ್ತಾನೆ. ತಲೆ ತಗ್ಗಿಸಿ ನಿಂತ ಹದಿನಾಲ್ಕು ವರ್ಷದ ಬಾಲಕನ ಮೇಲೆ ನಾವು ನಾಲಗೆಯ ಶೌರ್ಯವನ್ನು ಮೆರೆಸಿದ್ದೆವು. ಆ ತರಗತಿಯಲ್ಲಿ ಹಾರವನ್ನು ಸೊಂಟಕ್ಕೆ ತೊಟ್ಟು ನಿಂತಿದ್ದವರು ನಾವು.

ಇಷ್ಟನ್ನು ಹೇಳಿ ಮುಗಿಸುವಾಗ ಕತ್ತಲಾಗಿತ್ತು. ಮಗಳು ದೀಪ ಹಾಕಲು ಏಳಲಿಲ್ಲ. ಬಹಳ ಹೊತ್ತಿನ ಮೇಲೆ, "ಅಪ್ಪಾ, ನೀವು ಅಂಗಿಯನ್ನು ನೋಡಿದಿರಿ, ಅವನನ್ನು ನೋಡಲಿಲ್ಲ" ಎಂದಳು. ಹೌದೆಂದೆವು. ಮತ್ತೆ ಸ್ವಲ್ಪ ತಡೆದು, "ನಾನು ಹೋಗುವ ಊರಿನಲ್ಲಿಯೂ ಅಂಥ ತಾಯಿ ಇರಬಹುದು. ಆಕೆ ಹರಿದದ್ದನ್ನು ಮುಚ್ಚಲಿಕ್ಕೆ ಒದ್ದಾಡುತ್ತಿರುವಾಗ ನಾನು ದುಡ್ಡು ಕೊಟ್ಟು ಹರಿಸಿದ್ದನ್ನು ತೋರಿಸುತ್ತ ಎದುರು ನಿಂತರೆ ಹೇಗಿರುತ್ತದೆ?" ಎಂದು ತನ್ನನ್ನು ತಾನೇ ಕೇಳಿಕೊಂಡಂತೆ ನುಡಿದಳು.

ಗಾಂಧೀಜಿಯವರ ಮಾತಿಗೂ ಆಗ ಉತ್ತರ ಸಿಕ್ಕಿತು. ಅವರು ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ತುಂಡುಪಂಚೆಯನ್ನು ಉಟ್ಟುದು 1921ರ ಸೆಪ್ಟೆಂಬರ್ 22ರಂದು, ಮಧುರೆಯಲ್ಲಿ. ಖಾದಿಯನ್ನು ಕೊಳ್ಳಲು ತಮ್ಮಲ್ಲಿ ಹಣವಿಲ್ಲವೆಂದು ಬಡವರು ಹೇಳುತ್ತಿದ್ದುದನ್ನು ಕೇಳಿ, ಅವರಿಗಿಲ್ಲದುದು ತಮಗೂ ಬೇಡವೆಂದು ಮಾಡಿದ ನಿರ್ಧಾರ ಅದು. ಆ ಮೊಣಕಾಲನ್ನು ಕಂಡ ಬಡವನು ತನ್ನ ಬಡತನವನ್ನು ಯಾರೋ ಹಂಚಿಕೊಂಡರೆಂದು ತಿಳಿದನು. ಅಂಗಡಿಯಲ್ಲಿ ಕೊಂಡ ಹರಕನ್ನು ಕಂಡರೆ, ಅದೇ ಬಡವನು ತನ್ನ ಬಡತನವನ್ನು ಯಾರೋ ವೇಷ ಕಟ್ಟಿ ಆಡುತ್ತಿದ್ದಾರೆಂದು ತಿಳಿದಾನು. ಕಾಣುವ ಮೊಣಕಾಲು ಒಂದೇ ಆದರೂ ಎದುರಿನ ಕಣ್ಣಿಗೆ ತಲುಪುವ ಅರ್ಥ ಬೇರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಹುಡುಗಿಯರ ಬಾಯಿ ಮುಚ್ಚಿಸುವುದಕ್ಕಾಗಿ ಮನೆಮನೆಯಲ್ಲಿಯೂ ಬಳಸುತ್ತಾರೆ. ನಾವೂ ಬಳಸಿದ್ದೇವೆ. ಪರರಿಗೆ ಹೆದರಿ ಉಡು ಎಂದು ಅದಕ್ಕೆ ಅರ್ಥ ಮಾಡದೆ, ಪರರು ನೋಯದಂತೆ ಉಡು ಎಂದು ಅರ್ಥ ಮಾಡಿದರೆ ಗಾದೆಗೂ ಗೌರವ, ಮಕ್ಕಳಿಗೂ ಹಿತ.

ಮಗಳು ಶಿಬಿರಕ್ಕೆ ಎರಡು ಹತ್ತಿಯ ಚೂಡೀದಾರಗಳನ್ನು ಒಯ್ದಳು. ಮರಳಿ ಬಂದ ಮೇಲೆ ತನ್ನ ಲೇಖನವನ್ನು ಮತ್ತೆ ಬರೆಯಲು ಕುಳಿತಳು. ಈ ಸಲ ಹೊಸ ವಿಷಯಗಳನ್ನು ತಾನೇ ಹುಡುಕಿ ತಂದಿದ್ದಳು. ಜೀನ್ಸಿಗೆ ಹಳೆಯ ಮಾಸಲು ಬಣ್ಣ ಬರಿಸುವುದಕ್ಕಾಗಿ ಅದರ ಮೇಲೆ ಮರಳನ್ನು ರಭಸದಿಂದ ಸಿಡಿಸುವ ಒಂದು ಕ್ರಮವುಂಟಂತೆ. ಆ ಧೂಳು ಕೆಲಸಗಾರರ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ತುರ್ಕಿ ದೇಶದಲ್ಲಿ ಎಳೆಯ ವಯಸ್ಸಿನ ಕೆಲಸಗಾರರು ಇದರಿಂದ ಸತ್ತುದರಿಂದ 2009ರಲ್ಲಿ ಅಲ್ಲಿನ ಸರ್ಕಾರ ಈ ಕ್ರಮವನ್ನು ನಿಷೇಧಿಸಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ನಗರದ ಬಳಿ, ಸಾವಾರಿನಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆಗಳು ಬಿರುಕು ಬಿಟ್ಟುದು ಹಿಂದಿನ ದಿನವೇ ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆದಿದ್ದರು. "ನಾವು ಎದುರಿಗಿರುವವರ ಕಣ್ಣನ್ನು ಮಾತ್ರ ನೆನೆದೆವು. ಬಟ್ಟೆಯ ಹಿಂದೆ ಕೈಗಳೂ ಇವೆಯಲ್ಲಪ್ಪಾ" ಎಂದಳು. ಹಳತು ಹೊಸತೆಂಬ ಜಗಳದಲ್ಲಿ ಅರವತ್ತು ವರ್ಷ ಕಳೆದ ನಮಗೆ ಈ ಮಾತು ಹೊಳೆದಿರಲಿಲ್ಲ. ಕಲಿಸಿದವಳು ಇಪ್ಪತ್ತರ ಹುಡುಗಿ.

ಕೈಗಳೆಂದೊಡನೆ ನಮಗೆ ನಮ್ಮ ತಾಯಿಯವರು ನೆನಪಾದರು. ಅವರ ತವರು ಇಳಕಲ್ಲಿನ ಸಮೀಪ. ಅವರು ಉಡುತ್ತಿದ್ದುದು ಇಳಕಲ್ಲಿನ ಹತ್ತಿಯ ಸೀರೆ. ಅದರ ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡು ಬೇರೆ ಬೇರೆ ಹಾಸುಗಳ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗನ್ನು ನೇಯಬೇಕು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನ ಮನೆಯಲ್ಲಿ ಹೆಂಗಸರೂ ಮಕ್ಕಳೂ ಈ ಕೆಲಸಕ್ಕೆ ಕೈಹಚ್ಚುವುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಆ ಕೈಗಳ ಪರಿಚಯವಿದ್ದುದರಿಂದಲೋ ಏನೋ, ತಾಯಿಯವರು ಸೀರೆ ಹರಿದರೆ ಎಸೆಯುತ್ತಿರಲಿಲ್ಲ. ಮೊದಲು ಹೊಲಿದು ಉಡುವರು. ಆಮೇಲೆ ಅದು ಕೌದಿಯ ಪದರವಾಗುವುದು. ಕಸೂತಿಯನ್ನೂ ಬಲ್ಲವರಾಗಿದ್ದರು. ಗವಂತಿ, ಮುರಗಿ ಎಂಬ ಹೊಲಿಗೆಗಳಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡು ಮಗ್ಗುಲುಗಳಲ್ಲಿಯೂ ಚಿತ್ರ ಒಂದೇ ಸಮನಾಗಿ ಕಾಣಬೇಕು. ಹೊರಗೊಂದು ಒಳಗೊಂದು ಇರಬಾರದೆಂದು ಅವರು ಹೇಳುತ್ತಿದ್ದುದು ಹೊಲಿಗೆಯ ವಿಷಯದಲ್ಲಿಯೇ ಆದರೂ, ಕೇಳುತ್ತಿದ್ದವರಿಗೆ ಬೇರೆ ಅರ್ಥವೂ ಹೊಳೆಯುತ್ತಿತ್ತು.

ಪೆಟ್ಟಿಗೆಯ ತಳದಲ್ಲಿ ತಾಯಿಯವರ ಒಂದು ಸೀರೆ ಉಳಿದಿತ್ತು. ಮಡಿಕೆಗಳಲ್ಲಿ ಜಿಬ್ಬಾಗಿ, ಉಡಲು ಬಾರದಂತಿತ್ತು. ಮಗಳು ಅದನ್ನು ಕೇಳಿದಳು. ಏಕೆಂದು ಕೇಳದೆ ಕೊಟ್ಟೆವು. ಕೊಟ್ಟ ಮೇಲೆ ಎದೆ ಹೊಡೆದುಕೊಂಡುದು ನಿಜ. ನಾಲ್ಕು ದಿನಗಳ ಮೇಲೆ ನೋಡಿದರೆ, ಸೆರಗಿನ ಗಟ್ಟಿಯಾಗಿದ್ದ ಭಾಗದಿಂದ ಎರಡು ತುಂಡುಗಳನ್ನು ತೆಗೆದು, ಆ ಜೀನ್ಸ್ ಷರಾಯಿಯ ಹರಕುಗಳಿಗೆ ಒಳಗಿನಿಂದ ತೇಪೆ ಹಾಕಿ, ಸುತ್ತಲೂ ಅಜ್ಜಿಯ ಗವಂತಿಯ ಹೊಲಿಗೆಯನ್ನು ಹಾಕಿದ್ದಳು. ಹೊಲಿಗೆ ಸೊಟ್ಟಸೊಟ್ಟಾಗಿತ್ತು. ಉಳಿದ ಸೀರೆಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಅದನ್ನು ತೊಟ್ಟುಕೊಂಡು ನಮ್ಮೆದುರಿಗೆ ಬಂದು, "ಹೇಗಿದೆ ಅಪ್ಪಾ?" ಎಂದಳು.

ಚೆನ್ನಾಗಿದೆಯೆಂದು ಹೇಳಿದರೆ ಸುಳ್ಳಾಗುತ್ತಿತ್ತು. ನಮ್ಮ ತಾಯಿಯ ಸೆರಗನ್ನು ಮೊಣಕಾಲಿನ ಮೇಲೆ ನೋಡುವುದು ಈ ವಯಸ್ಸಿನ ಕಣ್ಣಿಗೆ ಸುಲಭವಲ್ಲ. ಆದರೆ ಮೂವತ್ತು ವರ್ಷಗಳ ಹಿಂದಿನ ಆ ಹಸುರು ಅಂಗಿ ನೆನಪಿತ್ತು. ಈ ಸಲ ಬಟ್ಟೆಯನ್ನು ಬಿಟ್ಟು ಮಗಳ ಮುಖವನ್ನು ನೋಡಿದೆವು. ಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದುವು. "ಹೊಲಿಗೆ ಇನ್ನೂ ಸ್ವಲ್ಪ ಒತ್ತಾಗಬೇಕು, ನಿಮ್ಮಜ್ಜಿಯಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು" ಎಂದೆವು. ಆಕೆ ನಕ್ಕು ಕಾಲೇಜಿಗೆ ಹೊರಟಳು.

ಸಂಸ್ಕೃತದಲ್ಲಿ ಹೊದೆಯುವುದೆಂಬ ಅರ್ಥದ ವಸ್ ಎಂಬ ಧಾತುವುಂಟು. ವಸ್ತ್ರವೆಂಬ ಶಬ್ದ ಅದರಿಂದ ಬಂದುದು. ವಾಸಿಸುವುದೆಂಬ ಅರ್ಥದಲ್ಲಿಯೂ ಅದೇ ರೂಪದ ಮತ್ತೊಂದು ಧಾತುವುಂಟು. ಎರಡೂ ಬೇರೆಬೇರೆಯೆಂದು ವೈಯಾಕರಣರು ಹೇಳುತ್ತಾರೆ. ನಾವೂ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದೇವೆ. ಆದರೆ ಮಕ್ಕಳು ತೊಟ್ಟ ಬಟ್ಟೆಯೊಳಗೆ ಯಾರೋ ಒಬ್ಬರು ವಾಸವಾಗಿದ್ದಾರೆಂಬುದನ್ನು ಮರೆಯದಿರಲು, ಈ ಒಂದು ವ್ಯಾಕರಣದ ತಪ್ಪನ್ನು ಮನೆಯ ಮಟ್ಟಿಗೆ ಮಾಡಿದರೂ ಬಾಧಕವಿಲ್ಲವೆಂದು ಈಗ ತೋರುತ್ತದೆ. ಮಗಳ ಲೇಖನ ಸಂಚಿಕೆಗೆ ಹೋಗಿದೆ. ಅದರ ಕೊನೆಯಲ್ಲಿ ಆ ಹಸುರು ಅಂಗಿಯ ಹುಡುಗನ ಸಂಗತಿಯನ್ನು ಸೇರಿಸಬಹುದೇ ಎಂದು ಕೇಳಿದಳು. ಅದು ನಮ್ಮ ತಪ್ಪು, ನಾವೇ ಬರೆಯಬೇಕು ಎಂದೆವು. ಆ ಮಾತಿಗಾಗಿ ಇದನ್ನು ಬರೆದಿದ್ದೇವೆ.